ಹೂವಿನ ಕೋಣೆಯ ಗಿಟಾರು

ನಮ್ಮಿಬ್ಬರ ಗಿಟಾರುಗಳು ಒಂದೇ ದಿನ, ಒಂದೇ ಅಂಗಡಿಯ ಒಂದೇ ಗೋಡೆಯಿಂದ ಕೆಳಗಿಳಿದವು. ದಾವಣಗೆರೆಯ ಆ ಅಂಗಡಿಯವನು ಎರಡನ್ನೂ ಗಾಜಿನ ಮೇಜಿನ ಮೇಲೆ ಅಕ್ಕಪಕ್ಕ ಮಲಗಿಸಿ, ಇವುಗಳ ಮುಂದಿನ ಹಲಗೆ ಪ್ಲೈವುಡ್ ಅಲ್ಲ, ಅಸಲಿ ಮರ ಎಂದ. ನಡುವಿನ ದುಂಡು ರಂಧ್ರದೊಳಗೆ ಅಂಟಿಸಿದ್ದ ಚೀಟಿಗಳನ್ನು ಬಗ್ಗಿ ಓದಿದೆ. ಎರಡರ ಸಂಖ್ಯೆಯಲ್ಲಿ ಕೊನೆಯ ಅಂಕಿ ಮಾತ್ರ ಬೇರೆ. ಒಂದರ ಬೆನ್ನಿಗೆ ಒಂದು ತಯಾರಾದವು. ನನ್ನ ಜೊತೆ ಬಂದಿದ್ದ ಅವನು ನೋಡದೆ ಒಂದನ್ನು ಎತ್ತಿಕೊಂಡ. ಉಳಿದದ್ದು ನನ್ನದಾಯಿತು.

ಅವನು ಎಂದರೆ ಹಡಗಲಿಯ ಮಲ್ಲಿಗೆ ವ್ಯಾಪಾರಿ. ನನಗಿದ್ದ ಗೆಳೆಯ ಅವನೊಬ್ಬನೇ ಎಂದು ಬರೆದರೆ ಉತ್ಪ್ರೇಕ್ಷೆಯಾಗುವುದಿಲ್ಲ. ನಾನಾಗ ಹರಪನಹಳ್ಳಿಯಲ್ಲಿ ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟು ಇಳಿಸಿಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂದಿತ್ತು. ಹಡಗಲಿಯ ಮೊದಲ ಬಸ್ಸಿನಲ್ಲಿ ಅವನ ಹೂವಿನ ಬುಟ್ಟಿಗಳು ಬರುತ್ತಿದ್ದವು. ಒಂದು ದಿನ ಚಹಾ ಕುಡಿದು ಬರುವಷ್ಟರಲ್ಲಿ ನನ್ನ ಕಟ್ಟಿನ ಮೇಲೆ ನೀರು ತೊಟ್ಟಿಕ್ಕುವ ಬುಟ್ಟಿಯೊಂದು ಕೂತಿತ್ತು. ಮೇಲಿನ ನಾಲ್ಕೈದು ಪ್ರತಿಗಳ ಮುಖಪುಟ ಮುದ್ದೆಯಾಗಿತ್ತು.

“ಯಾರ್ರಿ ಇದು, ಪೇಪರ್ ಮ್ಯಾಲೆ ಬುಟ್ಟಿ ಇಟ್ಟೋರು?” ಎಂದೆ.

“ನಾನರಿ. ದಿನಾ ಅವೇ ನಾರೋ ಸುದ್ದಿ ಬರೀತೀರಿ. ಇವತ್ತೊಂದಿನ ಘಮ್ ಅನ್ನಲಿ ಅಂತ ಇಟ್ಟೆ,” ಎಂದ.

ಜಗಳಕ್ಕೆ ಸಿದ್ಧನಾಗಿದ್ದ ನಾನು ನಕ್ಕೆ. ಅಲ್ಲಿಂದ ಸ್ನೇಹ ಶುರುವಾಯಿತು. ಕೆಲವೇ ತಿಂಗಳಲ್ಲಿ ‘ರಿ’ ಹೋಗಿ ‘ಲೇ’ ಬಂತು.

ಗಿಟಾರಿನ ಯೋಚನೆ ಅವನದು. ಯಾವುದೋ ಮದುವೆಗೆ ಹಂದರದ ಹೂ ಕೊಡಲು ಹೋದವನು ಅಲ್ಲಿನ ಆರ್ಕೆಸ್ಟ್ರಾದಲ್ಲಿ ಅದನ್ನು ಹತ್ತಿರದಿಂದ ಕೇಳಿ ಬಂದಿದ್ದ. ನನಗೂ ಒಂದು ಕೊಳ್ಳಲೇಬೇಕೆಂದು ಹಟ ಹಿಡಿದ. “ಒಬ್ಬಾವ ತಗೊಂಡ್ರ ಊರು ನಗತೈತಿ. ಇಬ್ಬರು ತಗೊಂಡ್ರ ಯಾರನ್ನ ನೋಡಿ ನಗಬೇಕಂತ ಊರಿಗೆ ತಿಳಿಯಂಗಿಲ್ಲ.” ಆಗ ನಮ್ಮಿಬ್ಬರಿಗೂ ನಲವತ್ತರ ಆಸುಪಾಸು. ಅವನು ಮದುವೆಯಾಗಿರಲಿಲ್ಲ. ನಾನು ಆಗಿ ಮುಗಿಸಿದ್ದೆ.

ಭಾನುವಾರ ಮಧ್ಯಾಹ್ನ ನಾನು ಹಡಗಲಿಗೆ ಹೋಗುತ್ತಿದ್ದೆ. ಅವನ ಮನೆಯ ಹಿಂಭಾಗದಲ್ಲಿ ಹೂವಿನ ಕೋಣೆ. ಬಂಡೆಗಲ್ಲಿನ ನೆಲ, ಕಿಟಕಿಗೆ ಇಳಿಬಿಟ್ಟ ಒದ್ದೆ ಗೋಣಿತಾಟು, ಗೋಡೆಗುಂಟ ಬುಟ್ಟಿಗಳು. ಮೊಗ್ಗು ಅರಳದಂತೆ ಬುಟ್ಟಿಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದರು. ವಿಧವೆಯಾಗಿ ತವರಿಗೆ ಬಂದಿದ್ದ ಅವನ ಅಕ್ಕ ಆ ಕೋಣೆಯ ಯಜಮಾನಿ. ಮಲ್ಲಿಗೆ ಇಲ್ಲದ ತಿಂಗಳಲ್ಲಿ ಕನಕಾಂಬರ, ಕಾಕಡಾ. ಕೋಣೆ ಮಾತ್ರ ವರ್ಷವಿಡೀ ಹಸಿ. ಅವನ ಗಿಟಾರು ಅಲ್ಲಿಯೇ, ಬುಟ್ಟಿಗಳ ನೇರ ಮೇಲೆ ಒಂದು ಮೊಳೆಗೆ ತೂಗುತ್ತಿತ್ತು. ನಾವು ಫೋನಿನಲ್ಲಿ ಪಾಠದ ವಿಡಿಯೊ ಹಾಕಿಕೊಂಡು, ಭಜನೆಯ ಧಾಟಿಯೊಂದನ್ನು ಆರು ತಿಂಗಳು ತಿದ್ದಿದೆವು. ಅಕ್ಕ ಹೂ ಕಟ್ಟುತ್ತಲೇ, “ಸಾಕು ಬಿಡ್ರೋ, ಮೊಗ್ಗೆಲ್ಲ ಬಾಯಿ ತಗೀತಾವು,” ಎನ್ನುತ್ತಿದ್ದಳು.

ಮೊದಲ ವರ್ಷ ಎರಡರ ದನಿಯನ್ನು ಬೇರೆ ಮಾಡಿ ಹೇಳಲು ನಮ್ಮಿಂದ ಆಗುತ್ತಿರಲಿಲ್ಲ. ಆಮೇಲೆ ನನಗೆ ಕೂಡ್ಲಿಗಿಗೆ ವರ್ಗವಾಯಿತು. ಅಲ್ಲಿಂದ ಗಿಟಾರು ಹೆಗಲಿಗೇರಿಸಿ, ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿ ಹಡಗಲಿಗೆ ಹೋಗತೊಡಗಿದೆ. ಎರಡನೆಯದೋ ಮೂರನೆಯದೋ ವರ್ಷ, ಇಬ್ಬರೂ ಒಂದೇ ಧಾಟಿ ಬಾರಿಸುತ್ತಿದ್ದಾಗ, ಅವನು ಕೈ ನಿಲ್ಲಿಸಿ ತಲೆ ಓರೆ ಮಾಡಿದ.

“ಲೇ, ಇವು ಅಣ್ಣತಮ್ಮರಂಗ ಇಲ್ಲ ಈಗ. ನಿಂದು ಕೂಡ್ಲಿಗಿ ಕಲ್ಲು. ಬಡದ್ರ ಠಣ್ ಅಂತೈತಿ.”

“ನಿಂದು?”

“ನಂದು ಬಾವ್ಯಾಗ ಕೊಡ ಮುಳುಗಿದಂಗ ಐತಿ.”

ಅವನು ಹೇಳಿದ್ದು ನಿಜವೇ ಆಗಿತ್ತು. ನನ್ನದರಲ್ಲಿ ಸಣ್ಣ ತಂತಿಗಳ ದನಿ ಮುಂದೆ ನುಗ್ಗಿ ಬರುತ್ತಿತ್ತು, ಬೇಗ ಸ್ಪಷ್ಟವಾಗುತ್ತಿತ್ತು. ಅವನದರಲ್ಲಿ ದಪ್ಪ ತಂತಿ ಮೀಟಿದ ಮೇಲೆ ಒಂದು ಕ್ಷಣ ತಡೆದು, ದುಂಡಗೆ, ಪೆಟ್ಟಿಗೆಯ ತಳದಿಂದ ಏಳುತ್ತಿತ್ತು. ಬೆರಳಿನ ಗುಣವಿರಬೇಕು ಎಂದೆ ನಾನು. ಅವನ ಬೆರಳು ದಿನವಿಡೀ ನೀರಿನಲ್ಲಿ ನೆನೆದು ಮೆತ್ತಗಾಗಿದ್ದವು. ಪರೀಕ್ಷೆಗೆಂದು ಗಿಟಾರುಗಳನ್ನು ಬದಲಿಸಿಕೊಂಡೆವು. ದನಿ ಬೆರಳಿನ ಜೊತೆ ಬರಲಿಲ್ಲ, ಗಿಟಾರಿನ ಜೊತೆಗೇ ಉಳಿಯಿತು. ಎರಡರ ದನಿಯನ್ನೂ ನನ್ನ ಫೋನಿನಲ್ಲಿ ಮುದ್ರಿಸಿ ಇಟ್ಟೆ. ಕಾರಣವೇನೆಂದು ಇಬ್ಬರೂ ಮುಂದೆ ಹುಡುಕಲಿಲ್ಲ. ಕಾರಣ ಹುಡುಕುವುದು ವೃತ್ತಿಯಾಗಿದ್ದ ನಾನೂ ಹುಡುಕಲಿಲ್ಲ.

ಹೀಗೆ ಹಲವು ವರ್ಷ ನಡೆಯಿತು. ಎರಡು ವರ್ಷದ ಹಿಂದೆ, ಮಲ್ಲಿಗೆಯ ಸುಗ್ಗಿಯಲ್ಲಿ, ಅವನಿಗೆ ಲಕ್ವ ಹೊಡೆಯಿತು. ಮಾತು ಸ್ವಲ್ಪ ನಿಧಾನವಾಗಿ ಮರಳಿತು, ನಡಿಗೆ ಅರ್ಧ ಮರಳಿತು, ಎಡಗೈ ಮರಳಲಿಲ್ಲ. ಎಡಗೈಯಿಲ್ಲದೆ ಗಿಟಾರಿನ ತಂತಿ ಒತ್ತಲಾಗುವುದಿಲ್ಲ. ನಾನು ಹೋದಾಗ ಅವನು ಹೂವಿನ ಕೋಣೆಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಎಡಗೈಯನ್ನು ಮಡಚಿದ ಟವೆಲಿನ ಮೇಲೆ ಇಟ್ಟಿದ್ದರು. ಬಹಳ ಹೊತ್ತು ಊರ ಸುದ್ದಿ ಕೇಳಿದ. ಹೊರಡುವಾಗ ಗೋಡೆಯ ಗಿಟಾರನ್ನು ಕಣ್ಣಲ್ಲೇ ತೋರಿಸಿದ.

“ಅದನ್ನ ಒಯ್ದುಬಿಡು.”

“ಇರಲಿ ಬಿಡು, ಕೈ ಬರತೈತಿ.”

“ಬರಂಗಿಲ್ಲ. ಪೇಪರ್ನವ ಆಗಿ ಸುಳ್ಳು ಹೇಳಬ್ಯಾಡ. ಅದನ್ನ ನೀ ಬಾರಸು. ಭಾನುವಾರಕ್ಕೊಮ್ಮೆ ಫೋನಿನ್ಯಾಗ ಕೇಳಸು. ನಿಂದಲ್ಲ, ನಂದು. ಕೈ ಹೋದ್ರ ಹೋತು, ಆ ದನಿ ಹೋಗಬಾರದು.”

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. “ಒಯ್ಯೋ ತಮ್ಮಾ. ಇಲ್ಲಿದ್ರ ಅದನ್ನ ನೋಡಿ ನೋಡಿ ಉಣ್ಣಂಗಿಲ್ಲ ಇವ,” ಎಂದಳು.

ಕೂಡ್ಲಿಗಿಯಲ್ಲಿ ನಾನಿರುವುದು ಊರಂಚಿನ ಒಂದು ಬಾಡಿಗೆ ಕೋಣೆ. ಮನೆ ಮಾಲೀಕರು ಕುರಿ ಸಾಕುವವರು, ಡೊಳ್ಳು ಬಾರಿಸುವವರು. ಹೆಗಲಿಗೊಂದು, ಕೈಗೊಂದು ಗಿಟಾರು ಹಿಡಿದು ಬಸ್ಸಿಳಿದು ಬಂದ ನನ್ನನ್ನು ನೋಡಿ, “ಏನ್ ಸರ, ಮರಿ ಹಾಕೇತೇನು ನಿಮ್ಮ ಗಿಟಾರ?” ಎಂದರು. ವಿಷಯ ತಿಳಿದ ಮೇಲೆ ನಗಲಿಲ್ಲ. ಒಳಗೆ ಬಂದು ಗೋಡೆಗಳನ್ನೆಲ್ಲ ಅಂಗೈಯಿಂದ ಮುಟ್ಟಿ ನೋಡಿದರು. ಪಡುವಣ ಗೋಡೆಯ ಮೇಲಿನ ಗೂಟಕ್ಕೆ ಅವರ ಡೊಳ್ಳೊಂದು ತೂಗುತ್ತಿತ್ತು. ಕೋಣೆ ಕೊಡುವಾಗಲೇ ಅದು ಅಲ್ಲಿರುತ್ತದೆಂದು ಕರಾರು ಮಾಡಿದ್ದರು. ಆ ಗೋಡೆಯ ಹೊರಮೈಗೆ ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು.

“ಮಂದಿ ಸಾಮಾನು, ಛಲೋ ಜಾಗದಾಗ ಇರಬೇಕು ನೋಡ್ರಿ,” ಎಂದು ಡೊಳ್ಳನ್ನು ಇಳಿಸಿ ತಮ್ಮ ಮನೆಗೆ ಒಯ್ದರು. “ವಾದ್ಯಕ್ಕ ಹಸಿ ತಾಗಬಾರದು ಸರ. ಇಲ್ಲಿ ಹಾಕ್ರಿ.”

ನನಗೂ ಅದು ಸರಿಯೆನಿಸಿತು. ಗೆಳೆಯನ ಗಿಟಾರನ್ನು ಡೊಳ್ಳಿನ ಗೂಟಕ್ಕೆ ಹಾಕಿದೆ. ನನ್ನದು ಎಂದಿನಂತೆ ಎದುರಿನ ಗೋಡೆಯಲ್ಲಿ ಉಳಿಯಿತು.

ಭಾನುವಾರ ಸಂಜೆ ನಾಲ್ಕಕ್ಕೆ, ಅಲ್ಲಿ ಹೂವಿನ ಕೆಲಸ ಇಳಿದ ಮೇಲೆ, ಫೋನ್ ಮಾಡುತ್ತಿದ್ದೆ. ಹಳೆಯ ಪತ್ರಿಕೆಗಳ ಎರಡು ಕಟ್ಟಿನ ಮೇಲೆ ಫೋನ್ ನಿಲ್ಲಿಸಿ ಅದೇ ಭಜನೆಯ ಧಾಟಿ ಬಾರಿಸುತ್ತಿದ್ದೆ. ಮುಗಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಬರಿ ನೀರಿನ ಸದ್ದು, ಬುಟ್ಟಿ ಎಳೆಯುವ ಸದ್ದು. ನಂತರ ಅವನು ಹೇಳುತ್ತಿದ್ದ: “ಹ್ಞೂಂ. ಐತಿ.” ಅಷ್ಟೇ. ಫೋನಿನಲ್ಲಿ ದಪ್ಪ ತಂತಿಯ ದನಿ ಅರ್ಧ ಸೋರಿಹೋಗುತ್ತದೆ. ಆದರೂ ಅವನಿಗೆ ಅದು ಸಿಗುತ್ತಿತ್ತು. ನನ್ನ ಟಿಪ್ಪಣಿ ಪುಸ್ತಕದ ಹಿಂಬದಿಯಲ್ಲಿ ಪ್ರತಿ ಭಾನುವಾರವೂ ‘ಐತಿ’ ಎಂದು ಬರೆದಿಡುತ್ತಿದ್ದೆ. ಉಳಿದ ಆರು ದಿನ ಕೊಟ್ಟೂರು, ಹೊಸಹಳ್ಳಿ, ಗುಡೇಕೋಟೆ ಎಂದು ಸುತ್ತಿ, ಎಷ್ಟೋ ಜನರ ಮಾತು ಬರೆದುಕೊಳ್ಳುತ್ತಿದ್ದೆ. ಅವರು ಮಾತಾಡುತ್ತಿದ್ದದ್ದು ಪತ್ರಿಕೆಯ ಜೊತೆ. ನನ್ನ ಜೊತೆ ವಾರಕ್ಕೊಮ್ಮೆ ಆಡಿದ್ದು ಆ ಎರಡು ಶಬ್ದ.

ಬೇಸಿಗೆ ಬಂತು. ಒಂದು ಭಾನುವಾರ ಬಾರಿಸಿ ಮುಗಿಸಿದ ಮೇಲೆ ಅವನಿಂದ ‘ಐತಿ’ ಬರಲಿಲ್ಲ.

“ಇದು ನಂದಲ್ಲ,” ಎಂದ.

“ನಿಂದ ಐತಿ.”

“ನೀ ನಿಂದು ಬಾರಸಾಕತ್ತಿ. ನಂದನ್ನ ಮ್ಯಾಲಿಂದ ಇಳಸಾಕ ಬ್ಯಾಸರ ಆತೇನು?”

ಇಲ್ಲವೆಂದೆ. ಅವನು ನಂಬಲಿಲ್ಲ. ಮುಂದಿನ ವಾರ ಗಿಟಾರಿನೊಳಗಿನ ಚೀಟಿಯ ಸಂಖ್ಯೆಯನ್ನು ಓದಿ ಹೇಳಿದೆ. “ನಂಬರ್ ಕೇಳಾಕ ಕುಂತಿಲ್ಲ ನಾ,” ಎಂದು ಫೋನ್ ಇಟ್ಟ. ಮೂರನೆಯ ವಾರ ಫೋನ್ ತೆಗೆದವಳು ಅಕ್ಕ. “ಅವಗ ಬ್ಯಾಡಂತಪ್ಪ. ಗೋಡಿ ಕಡೆ ಮಕ ಮಾಡಿ ಕುಂತಾನ,” ಎಂದು ಮೆಲ್ಲಗೆ ಹೇಳಿದಳು.

ಆ ದಿನದ ಟಿಪ್ಪಣಿಯಲ್ಲಿ ಹೀಗೆ ಬರೆದಿದ್ದೇನೆ: ‘ಕಾಯಿಲೆಯಿಂದ ಕಿವಿಯ ಗ್ರಹಿಕೆ ಬದಲಾಗಿರಬಹುದು.’ ಬರೆದು ಎರಡು ದಿನ ಅದನ್ನೇ ನಂಬಿಕೊಂಡಿದ್ದೆ. ಒಬ್ಬನೇ ಹೇಳಿದ ಮಾತನ್ನು ಪರಿಶೀಲಿಸದೆ ಅಚ್ಚಿಗೆ ಕಳಿಸಬಾರದು ಎಂದು ಮೂವತ್ತು ವರ್ಷ ಪಾಲಿಸಿದವನು, ಪರಿಶೀಲಿಸದೆ ತಳ್ಳಿಹಾಕಲೂಬಾರದು ಎಂಬುದನ್ನು ಮರೆತಿದ್ದೆ.

ಬುಧವಾರ ಮನೆ ಮಾಲೀಕರನ್ನು ಕರೆದೆ. ಕತ್ತಲಲ್ಲಿ ಕೂಗು ಕೇಳಿಯೇ ಇಂಥ ಕುರಿ ಎಂದು ಹೇಳಬಲ್ಲವರು ಅವರು; ಅವರ ಕಿವಿಯ ಮೇಲೆ ನನಗೆ ವಿಶ್ವಾಸವಿತ್ತು. ಹೊಸ್ತಿಲ ಮೇಲೆ ನನಗೆ ಬೆನ್ನು ಮಾಡಿ ಕೂರಿಸಿದೆ. ಎರಡಕ್ಕೂ ಹೊಸ ತಂತಿ ಹಾಕಿ, ಒಂದೇ ಶ್ರುತಿಗೆ ತಂದಿದ್ದೆ. ಎರಡನ್ನೂ ಒಂದೊಂದು ಸಲ ಕೇಳಿಸಿ, ಆಮೇಲೆ ಯಾವುದೆಂದು ಹೇಳದೆ ಬಾರಿಸತೊಡಗಿದೆ.

“ಯಾವುದು ಹೇಳ್ರಿ ಈಗ.”

“ಏನ್ ಹೇಳ್ಲಿ ಸರ. ಒಂದ ಕುರಿ ಎರಡ ಸಲ ಒದರಿದಂಗ ಐತಿ.”

ಹತ್ತು ಸಲ ಬಾರಿಸಿದೆ. ಐದು ಸಲ ಸರಿ ಹೇಳಿದರು, ಐದು ಸಲ ತಪ್ಪು. ಸುಮ್ಮನೆ ಊಹಿಸಿದವನಿಗೂ ಅಷ್ಟು ಸರಿಹೋಗುತ್ತದೆ. ಬಳಿಕ ಫೋನಿನಲ್ಲಿದ್ದ ಹಳೆಯ ಧ್ವನಿಮುದ್ರಿಕೆಯನ್ನು ಹಾಕಿದೆ. ಬಕೆಟ್ಟಿನ ಸದ್ದು, ಅಕ್ಕನ ಬೈಗುಳ, ಅವುಗಳ ನಡುವೆ ಮೊದಲು ನನ್ನ ಗಿಟಾರು, ಆಮೇಲೆ ಅವನದು. ಮಾಲೀಕರು ತಿರುಗಿ ಕೂತರು.

“ಇವು ಬ್ಯಾರೆ ಬ್ಯಾರೆ ಅದಾವು. ಎರಡನೇದು ಯಾವುದ್ರಿ?”

“ಅದ ಇದು,” ಎಂದು ಗೆಳೆಯನ ಗಿಟಾರನ್ನು ಎತ್ತಿ ತೋರಿಸಿದೆ.

ಅವರು ಗಿಟಾರನ್ನು ತೆಗೆದುಕೊಂಡು ಡೊಳ್ಳಿಗೆ ಬಡಿಯುವಂತೆ ಹಲಗೆಯ ಮೇಲೆ ಬೆರಳು ಬಡಿದರು. ನಂತರ ಎದ್ದು ಪಡುವಣ ಗೋಡೆಗೆ ಅಂಗೈ ಇಟ್ಟು ನಿಂತರು. ಹೊರಗೆ ಬಿಸಿಲು ಇಳಿದಿದ್ದರೂ ಗೋಡೆ ಇನ್ನೂ ರೊಟ್ಟಿ ಹಂಚಿನಂತೆ ಬೆಚ್ಚಗಿತ್ತು.

“ಸರ, ತಪ್ಪಾತು. ಇದು ತೊಗಲಿನ ಜಾಗ. ಹಸಿ ಹೋದ್ರ ಡೊಳ್ಳು ಮಾತಾಡತೈತಿ. ಇದರ ಮಾತು ಹಸ್ಯಾಗ ಇತ್ತೇನೋ. ಎಲ್ಲಿತ್ತಿದು ಮೊದ್ಲ?”

ಹೂವಿನ ಕೋಣೆಯಲ್ಲಿ ಎಂದೆ. ಒದ್ದೆ ಬುಟ್ಟಿಗಳ ಮೇಲೆ, ವರ್ಷಾನುಗಟ್ಟಲೆ ಎಂದೆ. ಹೇಳುವಾಗಲೇ ಉಳಿದದ್ದು ತಿಳಿಯಿತು. ಆ ದನಿಯನ್ನು ಮಾಡಿದ್ದು ಮರದಷ್ಟೇ ಆ ಕೋಣೆ ಕೂಡ. ಉಳಿಸಿಕೊಡುವೆನೆಂದು ತಂದು, ನನ್ನ ಕೋಣೆಯಲ್ಲಿಟ್ಟು ಅದನ್ನು ನನ್ನ ಗಿಟಾರಾಗಿಸಿದ್ದೆ. ಅವನ ಕಿವಿ ಸರಿಯಾಗಿಯೇ ಇತ್ತು.

“ನಾನ ಕೆಡಿಸಿದೆ ಅನ್ರಿ,” ಎಂದರು ಮಾಲೀಕರು.

“ಗೂಟಕ್ಕೆ ಹಾಕಿದಾವ ನಾನು,” ಎಂದೆ.

ಪತ್ರಿಕೆಯಲ್ಲಿ ತಪ್ಪಾದರೆ ಮರುದಿನ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕುತ್ತೇವೆ. ಇದನ್ನು ಫೋನಿನಲ್ಲಿ ಹೇಳಿ ಮುಗಿಸುವಂತಿರಲಿಲ್ಲ; ಅವನು ಫೋನ್ ತೆಗೆಯುತ್ತಲೂ ಇರಲಿಲ್ಲ. ಭಾನುವಾರ ಗಿಟಾರಿಗೆ ಒದ್ದೆ ಟವೆಲ್ ಸುತ್ತಿ ಬಸ್ಸು ಹತ್ತಿದೆ. ಇಷ್ಟು ದಿನ ಬಿಸಿಲಿಗಿಟ್ಟು ಒಂದು ದಿನ ಟವೆಲ್ ಸುತ್ತುವುದರಲ್ಲಿ ಅರ್ಥವಿಲ್ಲವೆಂದು ಗೊತ್ತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಹಡಗಲಿಯ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ಅಷ್ಟರಲ್ಲಿ ಟವೆಲ್ ಒಣಗಿತು.

ಅವನು ನಿಜವಾಗಿಯೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಬರಿ ಮೊಳೆ ಇದ್ದ ಗೋಡೆ ಅದು. ನಾನು ಪಕ್ಕದಲ್ಲಿ ಬುಟ್ಟಿ ಸರಿಸಿ ಕೂತು, ಡೊಳ್ಳಿನ ಗೂಟ, ಬಿಸಿಲು, ಹತ್ತರಲ್ಲಿ ಐದು, ಹಳೆಯ ಧ್ವನಿಮುದ್ರಿಕೆ ಎಲ್ಲವನ್ನೂ ನಡೆದ ಕ್ರಮದಲ್ಲೇ ಹೇಳಿದೆ. ನಿನ್ನ ಕಿವಿಯ ಮೇಲೆ ಸಂಶಯಪಟ್ಟಿದ್ದೆ ಎಂಬುದನ್ನೂ ಹೇಳಿದೆ.

“ತಲಿ ಕೆಟ್ಟೈತಿ ಅನ್ಕೊಂಡಿದ್ದೇನು?”

“ಎರಡು ದಿನ ಅನ್ಕೊಂಡಿದ್ದೆ.”

“ನಾನು ಮೂರು ವಾರ ಅನ್ಕೊಂಡಿದ್ದೆ,” ಎಂದ. “ಕೈ ಹೋತು, ಈಗ ಕಿವಿನೂ ಹೊಂಟೈತಿ ಅಂತ. ಯಾರ ಮುಂದ ಹೇಳೂದು?”

ಅಕ್ಕ ನೀರು ಚಿಮುಕಿಸುವುದನ್ನು ನಿಲ್ಲಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುಮಾಡಿದಳು.

ಗಿಟಾರನ್ನು ಹಳೆಯ ಮೊಳೆಗೆ ತೂಗುಹಾಕಿದೆ. ದನಿ ಮರಳುವುದಾದರೆ ಇಲ್ಲಿಯೇ ಮರಳಬೇಕು, ಮರಳಿದರೆ ಇಲ್ಲಿಯೇ ಇರಬೇಕು. ಇಲ್ಲಿ ಬಾರಿಸುವವರು ಯಾರೂ ಇಲ್ಲ. ಬಾರಿಸುವ ನಾನಿರುವಲ್ಲಿಗೆ ಒಯ್ದರೆ ದನಿ ಇರುವುದಿಲ್ಲ. “ಹಂಗಾದ್ರ ಭಾನುವಾರ?” ಎಂದು ಅವನು ಕೇಳಿದ.

ಉತ್ತರ ಕೊಟ್ಟವಳು ಅಕ್ಕ. “ಒಂದು ಕೈ ಛಂದ ಐತಲ್ಲ ಅವಗ,” ಎಂದು ಗಿಟಾರನ್ನು ಇಳಿಸಿ, ಮಗುವನ್ನು ಮಲಗಿಸುವಂತೆ ಅವನ ತೊಡೆಯ ಮೇಲೆ ಅಂಗಾತ ಮಲಗಿಸಿದಳು. ಅವನು ಬಲಗೈ ಹೆಬ್ಬೆರಳಿನಿಂದ ಆರು ತಂತಿಗಳನ್ನೂ ಒಂದು ಸಲ ಸವರಿದ. ಯಾವ ಸ್ವರವನ್ನೂ ಒತ್ತದ, ಖಾಲಿ ತಂತಿಗಳ ಸದ್ದು. ಕೂಡ್ಲಿಗಿ ಕಲ್ಲಿನ ಸದ್ದು.

“ಥೂ, ನಿನ್ನಂಗ ಆಗೇತಿ,” ಎಂದ.

ಈಗ ಭಾನುವಾರ ಫೋನ್ ಮಾಡುವವನು ಅವನು. ಅಕ್ಕ ಗಿಟಾರನ್ನು ತೊಡೆಯ ಮೇಲಿಟ್ಟು ಹೋಗುತ್ತಾಳೆ. ಅವನು ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಒಂದೊಂದಾಗಿ ಮೀಟುತ್ತಾನೆ, ಕೊನೆಗೆ ಎಲ್ಲವನ್ನೂ ಒಟ್ಟಿಗೆ. ಕೇಳಿ ಹೇಳುವುದು ನನ್ನ ಕೆಲಸ. ಮೊದಲ ವಾರಗಳಲ್ಲಿ “ಇನ್ನೂ ಇಲ್ಲ” ಎಂದೇ ಹೇಳಿದೆ. ಸಮಾಧಾನಕ್ಕೆ ಸುಳ್ಳು ಹೇಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. ಮರ ಹಸಿ ಕುಡಿದಂತೆ ಶ್ರುತಿ ಸ್ವಲ್ಪ ಏರಿತು. ಆಮೇಲೆ ತಂತಿಗಳು ತುಕ್ಕು ಹಿಡಿದು, ಸಡಿಲಾಗಿ, ಶ್ರುತಿ ಇಳಿಯತೊಡಗಿತು. ಮಳೆಗಾಲ ನಡುವಿಗೆ ಬಂದಾಗ ಒಂದು ಭಾನುವಾರ ದಪ್ಪ ತಂತಿ ಒಂದು ಕ್ಷಣ ತಡೆದು, ಬಾವಿಯ ಒಳಗಿನಿಂದ ಎಂಬಂತೆ ಎದ್ದಿತು.

“ಹ್ಞೂಂ. ಐತಿ,” ಎಂದೆ.

ಆ ಕಡೆ ನೀರಿನ ಸದ್ದು ಕೇಳುತ್ತಿತ್ತು.

ತಂತಿ ಬಿಗಿಸುವ ಬಿರಡೆ ತಿರುಗಿಸಲು ಬಲಗೈಯೊಂದೇ ಸಾಕು, ಎಷ್ಟು ತಿರುಗಿಸಬೇಕೆಂದು ನಾನು ಹೇಳುತ್ತೇನೆ ಎಂದು ಒಮ್ಮೆ ಸೂಚಿಸಿದೆ. “ಬ್ಯಾಡ ಬಿಡು. ಅದು ಎಲ್ಲಿಗೆ ಹೊಕ್ಕೈತೋ ಹೋಗಲಿ,” ಎಂದ. ನಾನು ಹೋದಾಗ ತಂತಿ ಬದಲಿಸಲೂ ಬಿಡುವುದಿಲ್ಲ. ಹಾಗಾಗಿ ಅವನ ಗಿಟಾರು ವಾರ ವಾರವೂ ಒಂದು ಎಳೆಯಷ್ಟು ಕೆಳಗಿಳಿಯುತ್ತಿದೆ. ಆರು ತಂತಿಗಳೂ ಸಮನಾಗಿ ಇಳಿಯುವುದಿಲ್ಲ. ಮೂರನೆಯದು ಮುಂದೆ, ಐದನೆಯದು ಹಿಂದೆ. ಈಗ ಅವನು ಸವರಿದರೆ ಬರುವುದು ಯಾವ ಪಾಠದ ವಿಡಿಯೊದಲ್ಲೂ ಇಲ್ಲದ ಸ್ವರಗಳ ಗುಂಪು.

ಡೊಳ್ಳು ಪಡುವಣ ಗೋಡೆಗೆ ಮರಳಿದೆ. ಎದುರು ಗೋಡೆಯಲ್ಲಿ ನನ್ನದೊಂದೇ ಗಿಟಾರು. ಅದರ ದನಿ ಹೇಗಿದೆ ಎಂದು ಕೇಳಿದರೆ ಹೇಳಲಾರೆ, ಪಕ್ಕದಲ್ಲಿ ಇನ್ನೊಂದಿಲ್ಲ. ಭಾನುವಾರ ನಾಲ್ಕಕ್ಕೆ ಮಾತ್ರ ಅದನ್ನು ಇಳಿಸಿ ತೊಡೆಯ ಮೇಲಿಟ್ಟುಕೊಳ್ಳುತ್ತೇನೆ. ಅವನು ಒಂದೊಂದೇ ತಂತಿ ಮೀಟುತ್ತಾನೆ. ನಾನು ನನ್ನ ಬಿರಡೆಯನ್ನು ಸಡಿಲಿಸುತ್ತ, ಅವನ ತಂತಿ ಎಲ್ಲಿಗೆ ಇಳಿದಿದೆಯೋ ಅಲ್ಲಿಗೆ ನನ್ನದನ್ನೂ ಇಳಿಸುತ್ತೇನೆ.

“ಬಂತೇನು?” ಎನ್ನುತ್ತಾನೆ.

“ತಡಿ, ಇನ್ನ ಸ್ವಲ್ಪ.”

ಅವನು ಅದೇ ತಂತಿಯನ್ನು ಮತ್ತೊಮ್ಮೆ ಮೀಟುತ್ತಾನೆ.